ಕೂಲಿಮಠದ ಕಟ್ಟಳೆಗಳು

ಹಿಂದಿನ ಕಾಲದ ಪಾಠಶಾಲೆಗಳನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳುಂಟು. ಐಗಳ ಬೆತ್ತಕ್ಕೆ ಹೆದರಿ ಮಕ್ಕಳು ಗಿಳಿಪಾಠವನ್ನು ಒಪ್ಪಿಸುತ್ತಿದ್ದರಲ್ಲದೆ ವಿದ್ಯೆಯೆಂಬುದು ಅಲ್ಲಿರಲಿಲ್ಲವೆಂಬುದು ಒಂದು. ಅಲ್ಲಿದ್ದ ಶಿಸ್ತೂ ಗುರುಭಕ್ತಿಯೂ ಮುಂದೆಂದೂ ಕಾಣದಾದುವೆಂಬುದು ಇನ್ನೊಂದು. ಇವೆರಡರಲ್ಲಿ ಯಾವುದನ್ನೇ ಆಗಲಿ ಒಪ್ಪುವ ಮುನ್ನ, ಆ ಶಾಲೆಗಳಲ್ಲಿ ಉಪಾಧ್ಯಾಯನು ವಿಧಿಸುತ್ತಿದ್ದ ಕಟ್ಟಳೆಗಳಾವುವು, ಶಿಷ್ಯನಿಂದ ಅವನು ಏನನ್ನು ನಿರೀಕ್ಷಿಸುತ್ತಿದ್ದನು, ಮಕ್ಕಳೊಳಗಿನ ತರತಮವನ್ನು ಹೇಗೆ ಗೊತ್ತುಮಾಡುತ್ತಿದ್ದನು ಎಂಬುದನ್ನು ವಿಚಾರಿಸುವುದು ಯುಕ್ತ. ಬಳ್ಳಾರಿಯ ಸೀಮೆಯ ವಿಷಯದಲ್ಲಿ ಈ ವಿಚಾರಕ್ಕೆ ಆಧಾರವಾಗತಕ್ಕ ಸಮಕಾಲೀನ ಸಾಕ್ಷ್ಯವೊಂದು ಉಳಿದಿದೆ.

1822ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಮದರಾಸಿನ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋ, ಅಧಿಪತ್ಯದ ಎಲ್ಲ ಜಿಲ್ಲೆಗಳ ಪಾಠಶಾಲೆಗಳ ಸ್ಥಿತಿಯನ್ನು ತಿಳಿಸಬೇಕೆಂದು ಕಲೆಕ್ಟರರಿಗೆ ಆಜ್ಞೆಮಾಡಿದನು. ಅದಕ್ಕೆ ಬಂದ ಉತ್ತರಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ನೆಯ ಆಗಸ್ಟ್ 17ರಂದು ಬರೆದ ವರದಿಯು ವಿಶೇಷವಾದುದು. ಕ್ಯಾಂಬೆಲ್ ದೇಶಭಾಷೆಗಳನ್ನು ಬಲ್ಲವನು. 1816ರಲ್ಲಿ ತೆಲುಗಿನ ವ್ಯಾಕರಣವೊಂದನ್ನು ಪ್ರಕಟಿಸಿದ್ದವನು. ಅವನು ಶಾಲೆಗಳ ಲೆಕ್ಕವನ್ನು ಕೊಟ್ಟು ಸುಮ್ಮನಾಗದೆ, ಶಾಲೆಯೊಳಗಿನ ದಿನಚರಿಯನ್ನೂ ವರ್ಣಿಸಿದ್ದಾನೆ.

ಲೆಕ್ಕದ ಪ್ರಕಾರ 9,27,857 ಜನಸಂಖ್ಯೆಯಿದ್ದ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಎಂದರೆ ಶಾಲೆಯೊಂದಕ್ಕೆ ಸುಮಾರು ಹನ್ನೆರಡು ಮಕ್ಕಳು. ಸಾವಿರ ಜನರಲ್ಲಿ ಶಾಲೆಗೆ ಹೋಗುತ್ತಿದ್ದವರು ಸುಮಾರು ಏಳು ಮಂದಿ. ಕನ್ನಡದ ಶಾಲೆಗಳು 235, ತೆಲುಗಿನವು 226. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು, ಇಂಗ್ಲಿಷ್ ಶಾಲೆಗಳು. ಅಂದಿನ ಬಳ್ಳಾರಿ ಜಿಲ್ಲೆಗೆ ಅನಂತಪುರದ ಸೀಮೆಯೂ ಸೇರಿದ್ದುದರಿಂದ ತೆಲುಗಿನ ಶಾಲೆಗಳು ಇಷ್ಟಾಗಿದ್ದುವು. ಹಿಂದೂ ಮಕ್ಕಳು 6,398. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಮುಸಲ್ಮಾನ ಮಕ್ಕಳು 243. ಕನ್ನಡ ನಾಡಿನ ಹಲವು ಕಡೆ ಕೂಲಿಮಠವೆಂದೂ ಐಗಳ ಮಠವೆಂದೂ ಕರೆಯಿಸಿಕೊಳ್ಳುತ್ತಿದ್ದ ಪಾಠಶಾಲೆಗಳು ಈ ಬಗೆಯವೇ.

ಮಗುವಿಗೆ ಐದನೆಯ ವರ್ಷ ಹಿಡಿದ ದಿನ ಅಕ್ಷರಾಭ್ಯಾಸ. ತಂದೆತಾಯಿಗಳು ಉಪಾಧ್ಯಾಯನನ್ನೂ ಅವನ ಶಿಷ್ಯರೆಲ್ಲರನ್ನೂ ಮನೆಗೆ ಕರೆಯುವರು. ಗಣೇಶನ ಮೂರ್ತಿಯ ಸುತ್ತಲೂ ಎಲ್ಲರೂ ಕುಳಿತುಕೊಳ್ಳುವರು. ಮಗುವು ಮೂರ್ತಿಗೆ ಎದುರಾಗಿ ಕುಳಿತು, ಬುದ್ಧಿಯನ್ನು ಕೊಡೆಂದು ಪ್ರಾರ್ಥಿಸುವುದು. ಉಪಾಧ್ಯಾಯನು ಅದರ ಕೈಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಯಿಸುವನು. ಮರುದಿನ ಬೆಳಗ್ಗೆ ಮಗುವು ಮಠಕ್ಕೆ ಹೋಗತಕ್ಕದ್ದು.

ಮಠದ ಮೊದಲನೆಯ ಕಟ್ಟಳೆಯು ಬಾಗಿಲಿನಲ್ಲಿಯೇ ಕಾದಿರುತ್ತಿತ್ತು. ಶಾಲೆಯ ವೇಳೆ ಸಾಮಾನ್ಯವಾಗಿ ಬೆಳಗ್ಗೆ ಆರು ಘಂಟೆ. ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ. ಅವನು ಹೊಗಳಿಕೆಗೂ ಪಾತ್ರನಲ್ಲ, ತೆಗಳಿಕೆಗೂ ಪಾತ್ರನಲ್ಲವೆಂಬುದು ಅದರ ಅರ್ಥ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಬಂದ ಬಂದವನಿಗೆ ಒಂದೊಂದು ಏಟು ಹೆಚ್ಚು. ಹನ್ನೆರಡು ಮಕ್ಕಳ ಮಠದಲ್ಲಿ ಕಡೆಯವನ ಪಾಲಿಗೆ ಹತ್ತು ಏಟು ಬೀಳುವುದೆಂದಾಯಿತು.

ಈ ಕಟ್ಟಳೆಯ ಒಳಗುಟ್ಟನ್ನು ಗಮನಿಸಬೇಕು. ಇದು ಹೊತ್ತುಮೀರಿ ಬಂದವನನ್ನು ದಂಡಿಸುವ ನಿಯಮವಲ್ಲ, ಹಿಂದೆ ಬಿದ್ದವನನ್ನು ದಂಡಿಸುವ ನಿಯಮ. ಹನ್ನೆರಡು ಮಂದಿಯೂ ಕೋಳಿ ಕೂಗುವ ಹೊತ್ತಿಗೇ ಎದ್ದು ಬಂದರೂ ಹತ್ತು ಮಂದಿಗೆ ಏಟು ತಪ್ಪದು. ಮಠಕ್ಕೆ ದೂರವಾದ ಮನೆಯ ಹುಡುಗನೂ, ಬೆಳಗಿನ ಮನೆಗೆಲಸಕ್ಕೆ ಕೈಹಚ್ಚಿ ಬರಬೇಕಾದ ಬಡ ಹುಡುಗನೂ ತಮ್ಮ ತಪ್ಪಿಲ್ಲದೆಯೇ ಕೈಚಾಚಬೇಕಾಗಿತ್ತು. ಶ್ರದ್ಧೆಯನ್ನು ಅಳೆಯುವೆನೆಂದು ಹೊರಟ ನಿಯಮವು ಸರದಿಯನ್ನು ಮಾತ್ರ ಅಳೆಯಿತು. ಉಳಿದ ಶಿಕ್ಷೆಗಳಂತೂ ಇನ್ನೂ ಕ್ರೂರವಾಗಿದ್ದುವು. ಸೋಮಾರಿಗೆ ಹೊಡೆತ ಬೀಳುತ್ತಿತ್ತು. ಎರಡು ಕೈಗಳನ್ನೂ ಕಟ್ಟಿ ಮಾಡಿಗೆ ತೂಗುಹಾಕುವ ಕೋದಂಡವೂ, ಎಡೆಬಿಡದೆ ಕೂತು ಏಳಿಸುವ ಬಸ್ಕಿಯೂ ಇದ್ದುವು. ಕ್ಯಾಂಬೆಲ್ಲನು ಇವನ್ನು ಕಠಿನವೆಂದೇ ಹೇಳಿ, ಬಸ್ಕಿಯು ಮೈಗೆ ಒಳ್ಳೆಯದಾದರೂ ಆಗಬಹುದೆಂದು ಸೇರಿಸಿದ್ದಾನೆ. ಅನುಭವಿಸಿದ ಮಕ್ಕಳ ಅಭಿಪ್ರಾಯವನ್ನು ಯಾರೂ ಬರೆದಿಡಲಿಲ್ಲ.

ಆದರೆ ಬಾಗಿಲನ್ನು ದಾಟಿ ಒಳಕ್ಕೆ ಹೋದರೆ ಬೇರೊಂದು ನ್ಯಾಯವು ಕಾಣುತ್ತದೆ. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ತರಗತಿಗಳಾಗಿ ವಿಂಗಡಿಸುತ್ತಿದ್ದರು. ಒಂದರಿಂದ ಇನ್ನೊಂದಕ್ಕೆ ಏರುವುದಕ್ಕೆ ವಯಸ್ಸಾಗಲಿ ಕಳೆದ ವರ್ಷಗಳಾಗಲಿ ಕಾರಣವಲ್ಲ. ಹುಡುಗನ ಶಕ್ತಿಯೂ ಅವನು ಮಾಡಿದ ಪ್ರಗತಿಯೂ ಕಾರಣ. ಮೊದಲು ನೆಲದ ಮರಳಿನಲ್ಲಿ ಬೆರಳಿನಿಂದ ಅಕ್ಷರಗಳನ್ನು ತಿದ್ದಬೇಕು. ಅದರಲ್ಲಿ ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಹಲಗೆಯು ಒಂದು ಅಡಿ ಅಗಲ, ಮೂರು ಅಡಿ ಉದ್ದದ್ದು. ಅದಕ್ಕೆ ಅನ್ನವನ್ನೂ ಇದ್ದಲಿನ ಪುಡಿಯನ್ನೂ ಬಳಿಯುವರು. ಕಡತವು ಗಂಜಿ ಹಾಕಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಲು ಮತ್ತು ಅಂಟುಗಳ ಲೇಪನವನ್ನು ಕೊಟ್ಟದ್ದು. ಎರಡರ ಮೇಲೂ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರಸಬಹುದು. ಕಂಠದಿಂದ ಓಲೆಯ ಮೇಲೆ, ಲೇಖನಿಯಿಂದ ಕಾಗದದ ಮೇಲೆ ಬರೆಯುವುದೂ ಉಂಟು. ಮರಳನ್ನು ಬಿಟ್ಟು ಮೇಲೇರುವುದೇ ಹುಡುಗನಿಗೆ ದೊರೆಯುತ್ತಿದ್ದ ಬಹುಮಾನ.

ಒತ್ತಕ್ಷರಗಳಾದ ಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು, ಬಳಿಕ ಲೆಕ್ಕ. ಭಿನ್ನರಾಶಿಗಳು ಹತ್ತರ ಕ್ರಮದಲ್ಲಿಳಿಯದೆ ನಾಲ್ಕರ ಕ್ರಮದಲ್ಲಿ ಇಳಿಯುತ್ತಿದ್ದುವು: ಒಂದರಲ್ಲಿ ನಾಲ್ಕನೆಯ ಪಾಲು ಕಾಲು, ಕಾಲಿನಲ್ಲಿ ನಾಲ್ಕನೆಯ ಪಾಲು ವೀಸ, ವೀಸದಲ್ಲಿ ನಾಲ್ಕನೆಯ ಪಾಲು ಕಾಣಿ. ದಿನಕ್ಕೆ ಎರಡು ಸಲ ಮಕ್ಕಳೆಲ್ಲರೂ ಸಾಲಾಗಿ ನಿಂತು, ಮುಂದಾಳು ಹುಡುಗನೊಬ್ಬನು ಹೇಳಿಕೊಟ್ಟಂತೆ ಇವನ್ನೂ ಮಗ್ಗಿಗಳನ್ನೂ ಅಳತೆ ತೂಕಗಳ ಕೋಷ್ಟಕಗಳನ್ನೂ ಒಪ್ಪಿಸಬೇಕಾಗಿತ್ತು. ದೊಡ್ಡವರಾದ ಮೇಲಿನ ಪರೀಕ್ಷೆಯು ಇನ್ನೂ ಸ್ವಾರಸ್ಯವಾದುದು. ಉಪಾಧ್ಯಾಯನು ಅಲ್ಲಲ್ಲಿಂದ ಕೂಡಿಸಿ ತಂದ ಬಗೆಬಗೆಯ ಕೈಬರಹದ ಕಾಗದಪತ್ರಗಳನ್ನು ಓದಿ ಹೇಳಬೇಕು. ಪತ್ರವನ್ನೂ ಕರಾರನ್ನೂ ಸ್ವತಃ ಬರೆಯಬಲ್ಲವನಾಗಬೇಕು. ಮುಂದೆ ಶಾನುಭೋಗಿಕೆಯಲ್ಲಾಗಲಿ ಅಂಗಡಿಯಲ್ಲಾಗಲಿ ಬೇಕಾಗುವ ವಿದ್ಯೆಯು ಇದೇ ಅಲ್ಲವೆ?

ಇದೆಲ್ಲಕ್ಕೂ ಮಿಗಿಲಾದ ನಿರೀಕ್ಷೆಯೊಂದಿತ್ತು. ಕಲಿತವನು ಕಲಿಯದವನಿಗೆ ಹೇಳಿಕೊಡಬೇಕು. ಕೆಳಗಿನ ತರಗತಿಗಳು ಬಹುಮಟ್ಟಿಗೆ ಮೇಲಿನ ಹುಡುಗರ ವಶದಲ್ಲಿದ್ದುವು. ಹೇಳಿಕೊಡುತ್ತಲೇ ಅವರ ಜ್ಞಾನವೂ ಗಟ್ಟಿಯಾಗುತ್ತಿತ್ತು. ಈ ಪದ್ಧತಿಯು ಆಗ ಹುಟ್ಟಿದ್ದಲ್ಲ. ಅದಕ್ಕೆ ಸರಿಯಾಗಿ ಇನ್ನೂರು ವರ್ಷ ಮೊದಲು, 1623ರಲ್ಲಿ, ಗೇರುಸೊಪ್ಪೆಯಿಂದ ಇಕ್ಕೇರಿಗೆ ಹೋಗುತ್ತಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯು ಗುಡಿಯೊಂದರ ಮೊಗಸಾಲೆಯಲ್ಲಿ ನಾಲ್ವರು ಹುಡುಗರನ್ನು ಕಂಡನು. ಅವರು ಲೆಕ್ಕದ ಪಾಠವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ನುಣುಪು ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದರು. ಗುರುವಿಲ್ಲದಿರುವಾಗ ಮರೆತುಹೋದರೆ ತಿದ್ದುವವರು ಯಾರೆಂದು ಅವನು ಕೇಳಿದನು. ನಾಲ್ವರೂ ಒಮ್ಮೆಗೇ ಮರೆಯುವುದು ಸಾಧ್ಯವಿಲ್ಲವೆಂದು ಹುಡುಗರು ಉತ್ತರಕೊಟ್ಟರು. ಬಾಗಿಲಿನಲ್ಲಿ ಒಬ್ಬನಿಗೆ ಇನ್ನೊಬ್ಬನನ್ನು ಪ್ರತಿಸ್ಪರ್ಧಿಯನ್ನಾಗಿ ಮಾಡುತ್ತಿದ್ದ ಮಠವು ಒಳಗೆ ಒಬ್ಬನಿಗೆ ಇನ್ನೊಬ್ಬನನ್ನು ಆಸರೆಯನ್ನಾಗಿ ಮಾಡುತ್ತಿತ್ತು. 1789ರಲ್ಲಿ ಮದರಾಸಿನ ಅನಾಥ ಬಾಲಕರ ಶಾಲೆಯ ಆಡಳಿತವನ್ನು ವಹಿಸಿಕೊಂಡ ಡಾಕ್ಟರ್ ಆಂಡ್ರ್ಯೂ ಬೆಲ್ಲನು ದೇಶೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನಲ್ಲಿ ಬಳಕೆಗೆ ತಂದನು. ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸುವ ಕ್ರಮವನ್ನು 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಅದು ಮದರಾಸು ಪದ್ಧತಿಯೆಂದು ಇಂಗ್ಲೆಂಡಿನಲ್ಲಿ ಹರಡಿತು. ಈ ಅನುಕರಣಕ್ಕೆ ದೇಶೀಯ ಶಾಲೆಗಳು ಅರ್ಹವೆಂದು ಕ್ಯಾಂಬೆಲ್ಲನೇ ಒಪ್ಪಿದ್ದಾನೆ.

ದೋಷಗಳನ್ನೂ ಅವನು ಮುಚ್ಚಲಿಲ್ಲ. ಮಕ್ಕಳು ಪದ್ಯರಾಶಿಯನ್ನು ಬಾಯಿಪಾಠಮಾಡುತ್ತಿದ್ದರು. ಅರ್ಥವು ಗಿಳಿಗೆಷ್ಟು ತಿಳಿಯುವುದೋ ಅವರಿಗೂ ಅಷ್ಟೇ. ಸಮರ್ಥರಾದ ಉಪಾಧ್ಯಾಯರೂ ವಿರಳ. ಆದರೆ ಇದಕ್ಕೆ ಬಡತನವೇ ಮುಖ್ಯ ಕಾರಣ. ಹುಡುಗನು ಕೊಡುತ್ತಿದ್ದುದು ಕಾಲು ರೂಪಾಯಿ. ಕಾಗದದ ಮೇಲೆ ಬರೆಯತೊಡಗಿದ ಮೇಲೆ ಅರ್ಧ ರೂಪಾಯಿ. ಅರ್ಥವಿವರಣೆಗೆ ಬೇರೆ ಸಂಭಾವನೆಯಾಗಬೇಕು; ಅದನ್ನು ಕೊಡಬಲ್ಲ ತಂದೆತಾಯಿಗಳು ಕೆಲವರೇ. 533 ಶಾಲೆಗಳಲ್ಲಿ ಒಂದಕ್ಕಾದರೂ ಸರ್ಕಾರದ ನೆರವಿಲ್ಲವೆಂದು ಹೇಳಲು ನಾಚಿಕೆಯಾಗುತ್ತದೆಂದು ಆ ಕಲೆಕ್ಟರನು ತನ್ನ ಸರ್ಕಾರಕ್ಕೇ ಬರೆದನು.

1854ರ ವಿದ್ಯಾಭ್ಯಾಸದ ಆಜ್ಞಾಪತ್ರದ ತರುವಾಯ ವಿದ್ಯಾ ಇಲಾಖೆಯೂ ಇನ್‌ಸ್ಪೆಕ್ಟರರೂ ಬಂದರು. ವಾರ್ಷಿಕ ಪರೀಕ್ಷೆಯೂ ಅಂಕಗಳೂ ಕ್ರಮವಾಗಿ ನೆಲೆಗೊಂಡುವು. ಹೊಸ ಶಾಲೆಯು ಮಠದಿಂದ ಬಿಡಬೇಕಾದುದು ಕೋದಂಡವನ್ನು, ಉಳಿಸಿಕೊಳ್ಳಬೇಕಾದುದು ಹೇಳಿಕೊಡುವ ಧರ್ಮವನ್ನು. ಮೊದಲನೆಯದನ್ನು ಬಿಡುವುದಕ್ಕೆ ಬಹುಕಾಲ ಹಿಡಿಯಿತು. ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದ್ದು 2009ರ ಶಿಕ್ಷಣದ ಹಕ್ಕಿನ ಕಾಯಿದೆ. ಎರಡನೆಯದು ಮಾತ್ರ ಬೇಗ ಕೈಬಿಟ್ಟಿತು. ಪಕ್ಕದವನಿಗೆ ಹೇಳಿಕೊಡುವುದು ಪರೀಕ್ಷೆಯ ಕೊಠಡಿಯಲ್ಲಿ ಅಪರಾಧವಾಯಿತು. ಒಂದು ಕಾಲಕ್ಕೆ ಹೊಗಳಿಕೆ ತೆಗಳಿಕೆಗಳ ನಡುವೆ ನಿಂತಿದ್ದ ಸೊನ್ನೆಯು ಅವಮಾನದ ಗುರುತಾಯಿತು.

ಅಂಗೈಯ ಮೇಲೆ ಬರೆದ ಸರಸ್ವತಿಯ ಹೆಸರು ಸಂಜೆಯೊಳಗೆ ಅಳಿಸಿಹೋಗುತ್ತಿತ್ತು, ಸೊನ್ನೆಯೂ ಹಾಗೆಯೇ. ಮರುದಿನ ಬೆಳಗ್ಗೆ ಎಲ್ಲರ ಕೈಯೂ ಬರಿದಾಗಿ, ಯಾರು ಬೇಕಾದರೂ ಮೊದಲನೆಯವರಾಗಬಹುದಾಗಿತ್ತು. ಮಕ್ಕಳ ಯೋಗ್ಯತೆಯನ್ನು ಅಂಕಗಳಲ್ಲಿ ಬರೆದಿಡುವವರು ಏಟನ್ನು ಮರೆತರೂ ಈ ಒಂದು ಮಾತನ್ನು ನೆನಪಿನಲ್ಲಿಡುವುದು ಲೇಸು.