ಮುಹ್ತಸಿಬರ ಪರೀಕ್ಷೆಗಳು

ಮಾರಾಟಕ್ಕಿಟ್ಟ ಧಾನ್ಯದ ರಾಶಿಯೊಳಗೆ ಪ್ರವಾದಿ ಮುಹಮ್ಮದ್ (ಸ)ರವರು ಕೈ ಹಾಕಿದಾಗ ಬೆರಳಿಗೆ ಒದ್ದೆ ತಾಗಿತು. ಮಳೆಗೆ ನೆನೆದದ್ದೆಂದ ವ್ಯಾಪಾರಿಯನ್ನು, ಜನರಿಗೆ ಕಾಣುವಂತೆ ಮೇಲೆಯೇ ಏಕೆ ಇಡಲಿಲ್ಲವೆಂದು ಅವರು ಕೇಳಿದ ಪ್ರಸಂಗ ‘ಸಹೀಹ್ ಮುಸ್ಲಿಮ್’ನಲ್ಲಿದೆ.

ಮುಂದೆ ಈ ತಪಾಸಣೆಗೆ ಮುಹ್ತಸಿಬ್ ಎಂಬ ಪೇಟೆ ಅಧಿಕಾರಿ ನೇಮಕವಾಗತೊಡಗಿದ. 12ನೇ ಶತಮಾನದಲ್ಲಿ ಸಿರಿಯಾದ ಅಲ್-ಶೈಝರಿ ಇಂಥವರಿಗಾಗಿ ಕೈಪಿಡಿ ಬರೆದರು. ಹಾಲಿನಲ್ಲಿ ಕೂದಲು ಅದ್ದಿ ತೆಗೆಯಬೇಕು. ಹನಿಗಳು ಅಂಟಿದರೆ ಶುದ್ಧ, ಅಂಟದಿದ್ದರೆ ನೀರು ಬೆರೆತಿದೆ. ಔಷಧಿಯ ಅಫೀಮನ್ನು ನೀರಿನಲ್ಲಿ ಕರಗಿಸಿದಾಗ ಕೇಸರಿಯ ವಾಸನೆ ಬಂದರೆ ಮಾಮೀಸಾ ಗಿಡ ಸೇರಿದೆ. ಕೆಲವು ಮೋಸಗಳನ್ನು ಮಾತ್ರ ಅವರು ಬೇಕೆಂದೇ ಬರೆಯಲಿಲ್ಲ, ಓದಿದವರು ಕಲಿತುಬಿಟ್ಟಾರೆಂಬ ಭಯ!

ನಕಲಿಯನ್ನು ಹಿಡಿಯಲು ಅಸಲಿಯ ಪರಿಚಯ ಬೇಕು. ನಮ್ಮ ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹನ (1580–1627) ಆಶ್ರಯದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಇರಾನ್ ಮೂಲದವರು. ಆದರೂ ಈ ನಾಡಿನ ವೈದ್ಯಪದ್ಧತಿ ಮತ್ತು ಔಷಧಗಳನ್ನು ಕುರಿತು ಪಾರ್ಸಿಯಲ್ಲಿ ‘ದಸ್ತೂರುಲ್ ಅತಿಬ್ಬಾ’ ಬರೆದರು. ಅವರ ಇತಿಹಾಸ ಗ್ರಂಥಕ್ಕೆ ಸಿಕ್ಕ ಹೆಸರು ಇದಕ್ಕೆ ಸಿಗಲಿಲ್ಲ.

ಹಾಲಿಗೆ ಯೂರಿಯಾ ಬೆರೆಸಿದ್ದರೆ ಕೂದಲು ಹೇಳಲಾರದು, ಅದಕ್ಕೆ ಬೇರೆ ಪರೀಕ್ಷೆಯೇ ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನಂತೆ ಹೂವಿನ ಹಿಪ್ಪರಗಿಯ ಗಿರಾಕಿಯೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು. ದೋಷ ಕಂಡುಬಂದರೆ ಶುಲ್ಕ ಮರಳಿ ಸಿಗುತ್ತದೆ.