ದೇಶಗಳ ಅಂಕಪಟ್ಟಿ, ಯಮುನೆಯ ಎರಡು ದಡ

ಕೋವಿಡ್ ಬಂದು ಐದು ವರ್ಷ ತುಂಬಿದ ನೆಪದಲ್ಲಿ ಪತ್ರಿಕೆಗಳಲ್ಲಿ ಲೇಖನಗಳ ಸಾಲೇ ಬಂತು. ಹೆಚ್ಚಿನವುಗಳ ಧಾಟಿ ಒಂದೇ: ಯಾವ ದೇಶ ಗೆದ್ದಿತು, ಯಾವುದು ಸೋತಿತು. ನ್ಯೂಜಿಲೆಂಡಿಗೆ ಹೊಗಳಿಕೆ, ಬ್ರೆಜಿಲಿಗೆ ಛೀಮಾರಿ, ಸ್ವೀಡನ್ ಬಗ್ಗೆ ಮುಗಿಯದ ಜಗಳ, ಭಾರತದ ವಿಷಯಕ್ಕೆ ಬಂದರೆ ಬರೆಯುವವರ ಪಕ್ಷಕ್ಕೆ ತಕ್ಕಂತೆ ಮೆಚ್ಚುಗೆ ಅಥವಾ ಬೈಗುಳ. ದೆಹಲಿಯಲ್ಲಿ ಸಾರ್ವಜನಿಕ ಆರೋಗ್ಯದ ಪಾಠ ಮಾಡುತ್ತಲೇ ವಯಸ್ಸಾದ ನನಗೆ ಇದನ್ನೆಲ್ಲ ಓದುವಾಗ ಕಾಡಿದ್ದು ಬೇಸರಕ್ಕಿಂತ ಹೆಚ್ಚಾಗಿ ಆತಂಕ. ದೇಶದೇಶಗಳನ್ನು ಹೋಲಿಸಿ ನೋಡುವ ಈ ವಿದ್ಯೆಗೆ ನೂರೈವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದು ಕಷ್ಟಪಟ್ಟು ಕಲಿತ ಪಾಠಗಳನ್ನು ನಾವು ಅಂಕಪಟ್ಟಿಯೊಂದರ ಕೆಳಗೆ ಹೂತುಬಿಡುತ್ತಿದ್ದೇವೆ.

ಆರಂಭದ ಹಂತವನ್ನು ಬೇಗನೆ ಹೇಳಿ ಮುಗಿಸಬಹುದು. 1851ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಅಂತಾರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನ ಸೇರಿತು. ಕಾಲರಾದ ಭಯ ಎಲ್ಲರಿಗೂ ಇತ್ತು. ಆದರೆ ಚರ್ಚೆಯೆಲ್ಲ ಹಡಗುಗಳನ್ನು ಬಂದರಿನಲ್ಲಿ ಎಷ್ಟು ದಿನ ತಡೆದು ನಿಲ್ಲಿಸಬೇಕು, ಅದರಿಂದ ಯಾರ ವ್ಯಾಪಾರಕ್ಕೆ ಎಷ್ಟು ನಷ್ಟ ಎಂಬುದರ ಸುತ್ತಲೇ ಗಿರಕಿ ಹೊಡೆಯಿತು. ಮುಂಬೈಯಲ್ಲಿ ಪ್ಲೇಗು ಕಾಣಿಸಿಕೊಂಡ ಮೇಲೆ 1897ರಲ್ಲಿ ವೆನಿಸ್ಸಿನಲ್ಲಿ ಮತ್ತೊಂದು ಸಮ್ಮೇಳನ ನಡೆಯಿತು. ಅದೇ ವರ್ಷ ಇಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. 2020ರಲ್ಲಿ ನಾವು ಕಪಾಟಿನಿಂದ ಹೊರತೆಗೆದದ್ದೂ ಅದೇ ಕಾಯ್ದೆಯನ್ನು. ಒಂದೇ ರೋಗಕ್ಕೆ ಬೇರೆಬೇರೆ ದೇಶಗಳು ಬೇರೆಬೇರೆ ರೀತಿ ನಡೆದುಕೊಂಡದ್ದು ಏಕೆ ಎಂಬ ಪ್ರಶ್ನೆಯನ್ನು ವಿದ್ವತ್ತಿನ ಮಟ್ಟಕ್ಕೆ ತಂದವನು ಎರ್ವಿನ್ ಅಕರ್‌ನೆಕ್ಟ್. ನಿರಂಕುಶ ರಾಜ್ಯಗಳು ದಿಗ್ಬಂಧನವನ್ನೂ ಉದಾರವಾದಿ ರಾಜ್ಯಗಳು ಊರು ಸ್ವಚ್ಛಗೊಳಿಸುವುದನ್ನೂ ಆರಿಸಿಕೊಂಡವು ಎಂದು 1948ರಲ್ಲಿ ಅವನು ವಾದಿಸಿದ. ಅರ್ಧ ಶತಮಾನದ ನಂತರ, 1999ರಲ್ಲಿ, ಪೀಟರ್ ಬಾಲ್ಡ್‌ವಿನ್ ಅದನ್ನು ತಿರುಗಿಸಿ ಹಾಕಿದ. ರೋಗ ಬರುವ ದಾರಿಯಲ್ಲಿ ದೇಶ ಎಲ್ಲಿ ಕೂತಿದೆ ಎಂಬುದೇ ಅದರ ನೀತಿಯನ್ನೂ ಕೊನೆಗೆ ರಾಜಕೀಯವನ್ನೂ ರೂಪಿಸಿತು ಎಂದ. ಇಬ್ಬರ ಅಧ್ಯಯನದ ಜಗತ್ತೂ ಯೂರೋಪೇ. ಬಾಲ್ಡ್‌ವಿನ್ ಹೇಳಿದ್ದು ಹೆಚ್ಚು ಸರಿ ಎಂದು ನನ್ನ ಎಣಿಕೆ.

1918ರ ಇನ್‌ಫ್ಲುಯೆಂಜಾ ಈ ವಿದ್ಯೆಗೆ ದೊಡ್ಡ ಪರೀಕ್ಷೆಯಾಗಬೇಕಿತ್ತು. ಅತಿ ಹೆಚ್ಚು ಸಾವು ಕಂಡದ್ದು ಭಾರತ. ಅಂದಿನ ನೈರ್ಮಲ್ಯ ಆಯುಕ್ತ ನಾರ್ಮನ್ ವೈಟ್ ಕೊಟ್ಟ ಮೊದಲ ಅಂದಾಜು 60 ಲಕ್ಷ. ಕಿಂಗ್ಸ್‌ಲಿ ಡೇವಿಸ್ 1951ರಲ್ಲಿ ಜನಗಣತಿ ಹಿಡಿದು ಲೆಕ್ಕ ಹಾಕಿದಾಗ ಅದು 1.8 ಕೋಟಿ ದಾಟಿತು. ಇತ್ತೀಚಿನ ಲೆಕ್ಕ ಬ್ರಿಟಿಷ್ ಪ್ರಾಂತಗಳಿಗೇ ಸುಮಾರು 1.39 ಕೋಟಿ ಎನ್ನುತ್ತದೆ. ಮುಂಬೈ ನಗರವೊಂದರಲ್ಲೇ ಕೆಳಜಾತಿಯ ಹಿಂದೂಗಳಲ್ಲಿ ಸಾವಿರಕ್ಕೆ 61.6 ಜನ, ಯೂರೋಪಿಯನ್ನರಲ್ಲಿ ಸಾವಿರಕ್ಕೆ 8.3 ಜನ ಸತ್ತರು. ಈ ಎರಡು ಅಂಕಿಗಳನ್ನು ನಾನು ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಊರೂ ಒಂದೇ, ಸರ್ಕಾರವೂ ಒಂದೇ, ವೈರಸ್ಸೂ ಒಂದೇ. ಸಾವಿನಲ್ಲಿ ಏಳು ಪಟ್ಟು ಅಂತರ. ದೇಶದ ಸರಾಸರಿ ಏನನ್ನು ಮುಚ್ಚಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

2007ರಲ್ಲಿ ಎರಡು ಬರಹಗಳು ಬಂದವು. ಅಮೆರಿಕದಲ್ಲಿ ಹೊವಾರ್ಡ್ ಮಾರ್ಕೆಲ್ ಮತ್ತು ಸಂಗಡಿಗರು 1918ರಲ್ಲಿ 43 ನಗರಗಳು ಶಾಲೆ, ಸಭೆಗಳನ್ನು ಯಾವಾಗ ಮುಚ್ಚಿದವು ಎಂದು ಹೋಲಿಸಿದರು. ಬೇಗ ಮುಚ್ಚಿ ಹೆಚ್ಚು ದಿನ ಮುಚ್ಚಿಟ್ಟ ಕಡೆ ಸಾವು ಕಡಿಮೆ ಎಂಬುದು ಅವರ ತೀರ್ಮಾನ. 2020ರ ಲಾಕ್‌ಡೌನುಗಳಿಗೆ ಬೌದ್ಧಿಕ ಬುನಾದಿ ಹಾಕಿದ್ದು ಈ ಬಗೆಯ ಅಧ್ಯಯನಗಳೇ. ಅದೇ ವರ್ಷ, ದೆಹಲಿ ವಿಶ್ವವಿದ್ಯಾಲಯದ ಇತಿಹಾಸಕಾರ ಬಿಸ್ವಮಯ್ ಪತಿ ಮತ್ತು ವಾಲ್ಟ್ರೌಡ್ ಅರ್ನ್ಸ್ಟ್ ಸಂಪಾದಿಸಿದ ಸಂಸ್ಥಾನಗಳ ಕುರಿತ ಗ್ರಂಥದಲ್ಲಿ ಟಿ.ವಿ. ಶೇಖರ್ ಅವರ ಲೇಖನ ಬಂತು. 1918ರ ಜ್ವರವನ್ನು ಮೈಸೂರು ಸಂಸ್ಥಾನ ಹೇಗೆ ಎದುರಿಸಿತು ಎಂಬುದು ಅದರ ವಸ್ತು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ತಿಂಗಳುಗಳವು. ಎರಡು ದಶಕ ಹಿಂದೆ ಪ್ಲೇಗು ಬಂದಾಗ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಕಟ್ಟಿದ್ದ ಆಡಳಿತಕ್ಕೆ ಆ ಅನುಭವದ ನೆನಪಿತ್ತು. ಔಷಧ ಹಂಚುವುದು, ಬಡವರಿಗೆ ಗಂಜಿ ಕೊಡುವುದು, ಸ್ವಯಂಸೇವಕರನ್ನು ಬೀದಿಬೀದಿಗೆ ಕಳಿಸುವುದು ಅದರ ದಾರಿ. ಮಾರ್ಕೆಲ್ ಲೇಖನವನ್ನು ಜಗತ್ತೆಲ್ಲ ಉಲ್ಲೇಖಿಸಿತು. ಶೇಖರ್ ಲೇಖನ ನಮ್ಮ ಕರ್ನಾಟಕದಲ್ಲೂ ಬೇಕಾದಷ್ಟು ಓದಿಸಿಕೊಳ್ಳಲಿಲ್ಲ. ಒಂದು ಯಾವಾಗ ಮುಚ್ಚಿದರು ಎಂದು ಕೇಳಿತು, ಇನ್ನೊಂದು ಮಲಗಿದವರಿಗೆ ಏನು ಕೊಟ್ಟರು ಎಂದು ಕೇಳಿತು. ಮೊದಲ ಪ್ರಶ್ನೆ ಗೆದ್ದದ್ದರ ಪರಿಣಾಮವನ್ನು ಮುಂದೆ ನಾವು ಉಂಡೆವು.

ಎರಡನೆಯ ಪ್ರಶ್ನೆಯ ಪರಂಪರೆ ನಮ್ಮದೇ ನೆಲದ್ದು, ಅದರ ಬೇರು ತುಮಕೂರಿನಲ್ಲಿದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿದ್ದ ದೇಬಬರ್ ಬ್ಯಾನರ್ಜಿ, ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ಜೊತೆಗೂಡಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಅದು 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರು ಅಜ್ಞಾನಿಗಳು, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ನಂಬಿಕೆ. ಕಂಡದ್ದು ಬೇರೆ. ಕ್ಷಯ ತಗುಲಿದವರಲ್ಲಿ ಬಹುತೇಕರಿಗೆ ತಮ್ಮ ರೋಗಲಕ್ಷಣದ ಅರಿವಿತ್ತು, ಅರ್ಧಕ್ಕೂ ಹೆಚ್ಚು ಜನ ತಾವಾಗಿಯೇ ಚಿಕಿತ್ಸೆ ಹುಡುಕಿ ಹೋಗಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ. ತಪ್ಪು ಜನರದಲ್ಲ, ವ್ಯವಸ್ಥೆಯದು ಎಂದು ಅಂಕಿಗಳೇ ಹೇಳಿದವು. ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಸಾಮಾನ್ಯ ಆರೋಗ್ಯ ಕೇಂದ್ರಗಳ ಮೇಲೆ ನಿಂತದ್ದು ಇದರಿಂದ. ಅದೇ ಬೆಂಗಳೂರಿನ ದಿನಗಳಲ್ಲಿ ಭಾರತದಲ್ಲಿ ಕ್ಷಯದ ಕೆಲಸ ಮಾಡುತ್ತಿದ್ದ ಹಾಫ್‌ಡನ್ ಮಾಹ್ಲರ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿ 1978ರ ಅಲ್ಮಾ ಅಟಾ ಘೋಷಣೆಯ ಹಿಂದೆ ನಿಂತರು.

ಬ್ಯಾನರ್ಜಿ 1971ರಲ್ಲಿ ಜೆಎನ್‌ಯುನಲ್ಲಿ ಸಾಮಾಜಿಕ ವೈದ್ಯಕೀಯ ಮತ್ತು ಸಮುದಾಯ ಆರೋಗ್ಯ ಕೇಂದ್ರವನ್ನು ಕಟ್ಟಿದರು. ಇಮ್ರಾನಾ ಕದೀರ್, ಮೋಹನ್ ರಾವ್, ರಮಾ ಬಾರು, ರಿತು ಪ್ರಿಯಾ ಮೊದಲಾದವರು ಆ ಕೇಂದ್ರಕ್ಕೆ ಒಂದು ದನಿ ಕೊಟ್ಟರು. ನನ್ನ ತಲೆಮಾರು ಬೆಳೆದದ್ದು ಆ ದನಿಯನ್ನು ಕೇಳುತ್ತ. ಸಾಂಕ್ರಾಮಿಕ ಎಂದರೆ ರೋಗಾಣುವಿನ ಕತೆಯಷ್ಟೇ ಅಲ್ಲ. ರೋಗಿ ಬಾಗಿಲು ತಟ್ಟಿದಾಗ ಏನಾಯಿತು, ತಟ್ಟುವ ಮೊದಲು ಅವಳ ಕೂಲಿ ಎಷ್ಟಿತ್ತು, ಆ ಬಾಗಿಲು ಸರ್ಕಾರದ್ದೋ ಖಾಸಗಿಯದೋ ಎಂದು ಕೇಳಲು ಕಲಿಸಿದ್ದು ಈ ಪಂಥ. ದೇಶಗಳನ್ನು ಹೋಲಿಸುವಾಗಲೂ ಇದನ್ನೇ ಕೇಳಬೇಕು ಎಂಬುದು ನಮ್ಮ ಹಟ. 1988ರಲ್ಲಿ ಯಮುನೆಯ ಆಚೆಯ ಪುನರ್ವಸತಿ ಕಾಲೊನಿಗಳಲ್ಲಿ ಕಾಲರಾ ಹಬ್ಬಿದಾಗ, 1994ರಲ್ಲಿ ಸೂರತ್ತಿನ ಪ್ಲೇಗಿಗೆ ಹೆದರಿ ಜನ ರೈಲು ಹತ್ತಿದಾಗ, 1996ರಲ್ಲಿ ದೆಹಲಿಯಲ್ಲಿ ಡೆಂಗಿ 10,252 ಜನರನ್ನು ಹಿಡಿದು 423 ಜೀವ ತೆಗೆದಾಗ ಈ ಪ್ರಶ್ನೆಗಳು ನಮ್ಮ ಕಣ್ಣೆದುರೇ ಪರೀಕ್ಷೆಗೆ ಒಳಗಾದವು. ಶಾಮನಾಥ ಮಾರ್ಗದಲ್ಲಿರುವ, ಈಗ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವೆಂದು ಹೆಸರಾದ ಸಂಸ್ಥೆಯ ಆಶ್ರಯದಲ್ಲಿ 2004ರಲ್ಲಿ ರೋಗ ಕಣ್ಗಾವಲಿನ ಜಾಲ ಶುರುವಾದದ್ದು ಈ ಏಟುಗಳ ಫಲ.

ಅಷ್ಟರಲ್ಲಿ ಹೊರಗಿನ ಗಾಳಿ ಬದಲಾಗಿತ್ತು. 2003ರ ಸಾರ್ಸ್ ಬಂದ ಮೇಲೆ ಹೋಲಿಕೆ ಎಂದರೆ ಸಿದ್ಧತೆಯ ಅಳತೆ ಎಂದಾಯಿತು. 2005ರ ಅಂತಾರಾಷ್ಟ್ರೀಯ ಆರೋಗ್ಯ ನಿಯಮಗಳು 2007ರಲ್ಲಿ ಜಾರಿಗೆ ಬಂದವು. ಆಮೇಲೆ ಪ್ರಯೋಗಾಲಯ ಎಷ್ಟು, ಕಾನೂನು ಎಷ್ಟು ಎಂದು ಗುರುತು ಹಾಕುವ ಪಟ್ಟಿಗಳು ಬೆಳೆದವು. 2019ರ ಅಕ್ಟೋಬರಿನಲ್ಲಿ ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕ 195 ದೇಶಗಳನ್ನು ಸಾಲಾಗಿ ನಿಲ್ಲಿಸಿತು. ಮೊದಲ ಸ್ಥಾನ ಅಮೆರಿಕಕ್ಕೆ, ಎರಡನೆಯದು ಬ್ರಿಟನ್ನಿಗೆ, ಭಾರತಕ್ಕೆ 57. ಕೆಲವೇ ತಿಂಗಳಲ್ಲಿ ಮೊದಲ ಎರಡು ದೇಶಗಳ ಗತಿ ಏನಾಯಿತೆಂದು ಎಲ್ಲರೂ ಬಲ್ಲರು. ಸೂಚ್ಯಂಕದ ಮೇಲಿನ ನಂಬಿಕೆ ಅದರಿಂದಲೂ ಅಲುಗಲಿಲ್ಲ. ಆಕ್ಸ್‌ಫರ್ಡಿನವರು ನಿರ್ಬಂಧಗಳ ಬಿಗಿಯನ್ನು ಸೊನ್ನೆಯಿಂದ ನೂರರವರೆಗೆ ಅಳೆದರು. 2020ರ ಮಾರ್ಚ್ 25ರ ನಂತರ ಭಾರತಕ್ಕೆ ಪೂರ್ತಿ ನೂರು. ಆ ನೂರು ಅಂಕದ ದಿನಗಳಲ್ಲೇ, ಮಾರ್ಚ್ 28ರಂದು, ಆನಂದ ವಿಹಾರದ ಬಸ್ ನಿಲ್ದಾಣದಲ್ಲಿ ಊರಿಗೆ ಹೊರಟ ಕೂಲಿಕಾರರು ಸಾವಿರಗಟ್ಟಲೆ ಮೈಗೆ ಮೈ ಹತ್ತಿ ನಿಂತಿದ್ದರು. ಆದೇಶದ ಬಿಗಿ ಅಳೆದ ಕೋಲಿಗೆ ಅವರು ಕಾಣಲಿಲ್ಲ.

ಕೆಲವರು ದಾರಿ ತಿದ್ದಲು ಯತ್ನಿಸಿದ್ದಾರೆ. ಶೀಲಾ ಜಸನಾಫ್ ಮತ್ತು ಸ್ಟೀಫನ್ ಹಿಲ್ಗಾರ್ಟ್ನರ್ 16 ದೇಶಗಳನ್ನಿಟ್ಟುಕೊಂಡು, ರೋಗ ಬರುವ ಮುಂಚೆಯೇ ಆ ಸಮಾಜಗಳಲ್ಲಿದ್ದ ಬಿರುಕುಗಳು ಹೇಗೆ ಬಾಯಿಬಿಟ್ಟವು ಎಂದು ತೋರಿಸಿದರು. 2022ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ 177 ದೇಶಗಳ ವಿಶ್ಲೇಷಣೆಯಲ್ಲಿ ಸಿದ್ಧತೆಯ ಅಂಕಗಳಿಗೂ ಸೋಂಕಿನ ಪ್ರಮಾಣಕ್ಕೂ ಹೇಳಿಕೊಳ್ಳುವ ನಂಟು ಸಿಗಲಿಲ್ಲ. ಜನ ಸರ್ಕಾರವನ್ನೂ ಒಬ್ಬರನ್ನೊಬ್ಬರನ್ನೂ ನಂಬುವ ಕಡೆ ಸೋಂಕು ಕಡಿಮೆ ಇತ್ತು. ಒಳ್ಳೆಯ ಕೆಲಸ. ಆದರೆ ಇಲ್ಲೂ ಘಟಕ ದೇಶವೇ. 140 ಕೋಟಿ ಜನರ ಭಾರತಕ್ಕೆ ಒಂದು ಚುಕ್ಕೆ, ಐಸ್‌ಲ್ಯಾಂಡಿಗೂ ಒಂದು ಚುಕ್ಕೆ.

ನಾನಿರುವ ರಾಜಧಾನಿ ಪ್ರದೇಶವನ್ನೇ ನೋಡಿ. ದೆಹಲಿ, ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದ್ ಬದುಕಿನ ಲೆಕ್ಕದಲ್ಲಿ ಒಂದೇ ಊರು. ಮನೆ ಒಂದು ರಾಜ್ಯದಲ್ಲಿ, ನೌಕರಿ ಇನ್ನೊಂದರಲ್ಲಿ, ಆಸ್ಪತ್ರೆ ಮೂರನೆಯದರಲ್ಲಿ. ಆಳುವ ಸರ್ಕಾರಗಳು ಮೂರು, ಮೇಲೆ ಕೇಂದ್ರ. 2020ರ ಏಪ್ರಿಲ್ 21ರಂದು ಗೌತಮ ಬುದ್ಧ ನಗರ ಜಿಲ್ಲೆ ದೆಹಲಿಯೊಂದಿಗಿನ ಗಡಿ ಮುಚ್ಚಿತು. ಹರಿಯಾಣವೂ ಗುರುಗ್ರಾಮದ ಗಡಿ ಮುಚ್ಚಿತು. ಜೂನ್ 1ರಂದು ದೆಹಲಿಯೇ ಒಂದು ವಾರ ತನ್ನ ಗಡಿ ಮುಚ್ಚಿಕೊಂಡಿತು. ಜೂನ್ 4ರಂದು ಸುಪ್ರೀಂ ಕೋರ್ಟು ಮೂರೂ ರಾಜ್ಯಗಳು ಕೂತು ಓಡಾಟಕ್ಕೆ ಒಂದೇ ನಿಯಮ ಮಾಡಿಕೊಳ್ಳಿ ಎನ್ನಬೇಕಾಯಿತು. ಜೂನ್ 7ರಂದು ದೆಹಲಿ ಸರ್ಕಾರ ತನ್ನ ಆಸ್ಪತ್ರೆಗಳನ್ನು ದೆಹಲಿಯವರಿಗೇ ಮೀಸಲಿಟ್ಟಿತು, ಮರುದಿನ ಉಪರಾಜ್ಯಪಾಲರು ಅದನ್ನು ರದ್ದು ಮಾಡಿದರು. ಕನ್ನಡದ ಓದುಗರಿಗೆ ಅದೇ ವಸಂತದ ತಲಪಾಡಿ ಗಡಿ ನೆನಪಿರಬೇಕು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ದಾರಿ ಮುಚ್ಚಿ, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿತ್ತು.

ನೋವಿನ ಈ ಗೊಂದಲದೊಳಗೆ ಸಂಶೋಧಕರಿಗೆ ಬೇಕಾದ ಹೋಲಿಕೆ ತಾನಾಗಿ ಒದಗಿತ್ತು. ದೆಹಲಿಯಲ್ಲಿ ಲಘು ಲಕ್ಷಣದವರು ಮನೆಯಲ್ಲೇ ಪ್ರತ್ಯೇಕವಾಗಿರಬಹುದಿತ್ತು. ಉತ್ತರ ಪ್ರದೇಶ ಅದಕ್ಕೆ ಒಪ್ಪಿದ್ದು ಜುಲೈ ಉತ್ತರಾರ್ಧದಲ್ಲಿ. ಅಲ್ಲಿಯವರೆಗೆ ನೋಯ್ಡಾದಲ್ಲಿ ಸೋಂಕು ದೃಢವಾದರೆ ಮನೆ ಬಿಟ್ಟು ಹೋಗಲೇಬೇಕು. ಅದೇ ವರ್ಗದ ಜನ, ಅದೇ ಮೆಟ್ರೋ ಮಾರ್ಗ, ಅದೇ ವಾರಗಳು, ಎರಡು ಬೇರೆ ನೀತಿ. ಆಸ್ಪತ್ರೆಗೆ ಒಯ್ಯುವ ಭಯಕ್ಕೆ ಜನ ಪರೀಕ್ಷೆಯನ್ನೇ ತಪ್ಪಿಸಿಕೊಂಡರೇ? ಹಾಸಿಗೆಗಳು ತುಂಬಿ ನಿಜವಾಗಿ ಬೇಕಾದವರಿಗೆ ಸಿಗಲಿಲ್ಲವೇ? ಒಂದೇ ಕೋಣೆಯ ಮನೆಯಲ್ಲಿ ಪ್ರತ್ಯೇಕವಾಸ ಯಾರಿಗೆ ಸಾಧ್ಯವಾಯಿತು? ನ್ಯೂಜಿಲೆಂಡನ್ನು ವಿಯೆಟ್ನಾಮಿನೊಂದಿಗೆ ಹೋಲಿಸಿದ್ದಕ್ಕೆ ಸಿಗದ ಉತ್ತರಗಳು ಯಮುನೆಯ ಎರಡು ದಡದಲ್ಲಿ ಸಿಗುತ್ತಿದ್ದವು. ನಮ್ಮ ವಿದ್ವಾಂಸರು ಇದಕ್ಕೆ ಮನಸ್ಸು ಕೊಟ್ಟದ್ದು ತೀರಾ ಕಡಿಮೆ.

ಹೋಲಿಕೆಗೆ ಅಡಿಪಾಯ ಸಾವಿನ ಲೆಕ್ಕ. 2020ರ ಜೂನಿನಲ್ಲೇ ದೆಹಲಿಯ ನಗರಪಾಲಿಕೆಗಳು ಸ್ಮಶಾನಗಳ ದಾಖಲೆ ಹಿಡಿದು ಎರಡು ಸಾವಿರ ದಾಟಿದ ಸಾವುಗಳನ್ನು ಹೇಳಿದರೆ, ದೆಹಲಿ ಸರ್ಕಾರದ ಲೆಕ್ಕ ಇನ್ನೂ ಸಾವಿರ ಮುಟ್ಟಿರಲಿಲ್ಲ. 2021ರ ಏಪ್ರಿಲ್ 20ರಂದು ದೆಹಲಿಯಲ್ಲಿ ಒಂದೇ ದಿನ 28,395 ಪ್ರಕರಣ ಬಂದು, ಆಕ್ಸಿಜನ್ನಿಗಾಗಿ ಆಸ್ಪತ್ರೆಗಳು ಹೈಕೋರ್ಟಿನ ಬಾಗಿಲಿಗೆ ಹೋದ ವಾರಗಳಲ್ಲಿ ಆ ಕಂದಕ ಇನ್ನೂ ಅಗಲವಾಯಿತು. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2020–21ರಲ್ಲಿ ಭಾರತದ ಹೆಚ್ಚುವರಿ ಸಾವು 47 ಲಕ್ಷ ಎಂದು ಅಂದಾಜಿಸಿತು. ಸರ್ಕಾರದ ಅಧಿಕೃತ ಕೋವಿಡ್ ಸಾವಿನ ಸಂಖ್ಯೆ 4.8 ಲಕ್ಷದ ಆಸುಪಾಸು. ಗಣಿತ ಮಾದರಿಯನ್ನು ಭಾರತ ಆಕ್ಷೇಪಿಸಿತು. ಆಕ್ಷೇಪಕ್ಕೆ ಬಲ ಬರಬೇಕಾದರೆ ನಮ್ಮದೇ ದಾಖಲೆ ಬೇಗ ಹೊರಬರಬೇಕಿತ್ತು. 2021ರ ನಾಗರಿಕ ನೋಂದಣಿ ವರದಿ ಬಂದದ್ದು 2025ರ ಮೇನಲ್ಲಿ. ಅದರ ಪ್ರಕಾರ ಆ ವರ್ಷ ನೋಂದಣಿಯಾದ ಸಾವು 1.02 ಕೋಟಿ, ಹಿಂದಿನ ವರ್ಷಕ್ಕಿಂತ 21 ಲಕ್ಷದಷ್ಟು ಹೆಚ್ಚು. ಇನ್ನು ಸಾವಿಗೆ ಕಾರಣವನ್ನು ವೈದ್ಯರು ಪ್ರಮಾಣೀಕರಿಸಿದ್ದು, 2020ರಲ್ಲಿ ನೋಂದಾಯಿತ ಸಾವುಗಳಲ್ಲಿ ಶೇ. 22.5 ಮಾತ್ರ. ಉಳಿದವರು ಯಾವುದರಿಂದ ಸತ್ತರೆಂದು ತಿಳಿಯದೆ ದೇಶಕ್ಕೆ ದೇಶ ಹೋಲಿಸುವುದು ವಿಜ್ಞಾನವಲ್ಲ.

ರಾಜಧಾನಿ ಪ್ರದೇಶಕ್ಕೆ ಮತ್ತೊಂದು ತೊಡಕಿದೆ. ನಮ್ಮಲ್ಲಿ ಸಾವು ನೋಂದಣಿಯಾಗುವುದು ಸತ್ತ ಸ್ಥಳದಲ್ಲಿ. ಗಾಜಿಯಾಬಾದಿನವರು ದೆಹಲಿಯ ಆಸ್ಪತ್ರೆಯಲ್ಲಿ ಸತ್ತರೆ ಆ ಸಾವು ದೆಹಲಿಯ ಲೆಕ್ಕಕ್ಕೆ. ಹಾಗಾಗಿ ದೆಹಲಿಗಿಂತ ಅಕ್ಕಪಕ್ಕದ ಜಿಲ್ಲೆಗಳು ಚೆನ್ನಾಗಿ ನಿಭಾಯಿಸಿದವು ಎಂಬ ಮಾತಿಗೆ ಆಧಾರವೇ ಇಲ್ಲ. ಆದರೆ ಮರಣ ವರದಿಯ ನಮೂನೆಯಲ್ಲಿ ಮೃತರ ವಾಸಸ್ಥಳದ ಕಾಲಂ ಇದೆ. ಅದನ್ನು ತುಂಬಿದ್ದಾರೆ, ಅದು ಕಚೇರಿಗಳಲ್ಲಿದೆ. 2020 ಮತ್ತು 2021ರ ಆ ದಾಖಲೆಗಳನ್ನು ವಾಸಸ್ಥಳದ ಪ್ರಕಾರ, ಜಿಲ್ಲಾವಾರು, ತಿಂಗಳವಾರು ವಿಂಗಡಿಸಿ, ಹೆಸರು ತೆಗೆದು, ದೆಹಲಿ, ಹರಿಯಾಣ, ಉತ್ತರ ಪ್ರದೇಶ ಸರ್ಕಾರಗಳು ಸಂಶೋಧಕರಿಗೆ ಬಿಡುಗಡೆ ಮಾಡಬೇಕು. ಈ ಪ್ರದೇಶದ ಹೊಗೆಗೆ ಗಡಿಯಿಲ್ಲವೆಂದು ಒಪ್ಪಿ 2021ರಲ್ಲಿ ಸಂಸತ್ತು ವಾಯು ಗುಣಮಟ್ಟ ನಿರ್ವಹಣೆಗೆ ಮೂರೂ ಸರ್ಕಾರಗಳ ಮೇಲೆ ಅಧಿಕಾರವಿರುವ ಆಯೋಗವನ್ನು ಕಾಯ್ದೆಯ ಮೂಲಕ ಕೊಟ್ಟಿತು. ಅದೇ ಗಾಳಿಯಲ್ಲಿ ಹರಡುವ ರೋಗಕ್ಕೆ ಅಂಥ ಒಂದು ಆಯೋಗ ಇವತ್ತಿಗೂ ಇಲ್ಲ.