ಜಪಾನಿ ಪ್ರತ್ಯಯಗಳು: ಕನ್ನಡಿಗರಿಗೆ ಎಲ್ಲಿ ಸುಲಭ, ಎಲ್ಲಿ ಕಠಿಣ?

ಹೊಸಪೇಟೆ: ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಸ್ಥಾವರ ಹೊಂದಿರುವ ಜೆಎಸ್‌ಡಬ್ಲ್ಯು ಸ್ಟೀಲ್‌ ಸಂಸ್ಥೆಯೊಂದಿಗೆ ಜಪಾನಿನ ಜೆಎಫ್‌ಇ ಸ್ಟೀಲ್ 2010ರಲ್ಲಿ ಪಾಲುದಾರಿಕೆಗೆ ಮುಂದಾಯಿತು. ಪ್ರವಾಸೋದ್ಯಮ ಮತ್ತು ಉಕ್ಕು, ಇವೆರಡೂ ಈ ಭಾಗದವರಿಗೆ ಜಪಾನಿ ಭಾಷೆಯನ್ನು ಉಪಯುಕ್ತವಾಗಿಸಿವೆ. ಲಿಪಿಯನ್ನು ದಾಟಿದ ಕಲಿಕಾರ್ಥಿ ಮೊದಲು ಎಡವುವುದು ಪ್ರತ್ಯಯಗಳಲ್ಲಿ.

ಏನಿದು 'ಜೊಶಿ'?

ನಾಮಪದದ ನಂತರ ಬಂದು ವಾಕ್ಯದಲ್ಲಿ ಅದರ ಪಾತ್ರವನ್ನು ಸೂಚಿಸುವ ಚಿಕ್ಕ ಪದಗಳಿಗೆ ಜಪಾನಿಯಲ್ಲಿ 'ಜೊಶಿ' ಎಂದು ಹೆಸರು. 'ಸಹಾಯಕ ಪದ' ಎಂಬುದು ಇದರ ಅರ್ಥ. ಇವು ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ಬಹುಮಟ್ಟಿಗೆ ಹೋಲುತ್ತವೆ. ಎರಡೂ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ.

'ಹೊಸಪೇಟೆ ಕರ ಹಂಪಿ ಮದೆ ಬಸು ದೆ ಇಕಿಮಸು' ಎಂದರೆ 'ಹೊಸಪೇಟೆಯಿಂದ ಹಂಪಿಯವರೆಗೆ ಬಸ್ಸಿನಲ್ಲಿ ಹೋಗುತ್ತೇನೆ'. ಪದಗಳ ಕ್ರಮವನ್ನು ಬದಲಿಸುವ ಅಗತ್ಯವೇ ಇಲ್ಲ. 'ಹಂಪಿ ನೊ ಇಶಿ' ಎಂದರೆ 'ಹಂಪಿಯ ಕಲ್ಲು'. 'ಕಂಪ್ಲಿ ನಿ ಮೊ' ಎಂದರೆ 'ಕಂಪ್ಲಿಗೂ'. 'ಗೆ' ಮತ್ತು 'ಊ' ಸೇರುವಂತೆಯೇ 'ನಿ' ಮತ್ತು 'ಮೊ' ಸೇರುತ್ತವೆ. ಕೊನೆಯಲ್ಲಿ 'ಕ' ಸೇರಿಸಿದರೆ ಪ್ರಶ್ನೆ: 'ಇಕಿಮಸು ಕ?' ಅಂದರೆ 'ಹೋಗುತ್ತೀರಾ?'

ಕನ್ನಡದಂತೆ ಇಲ್ಲಿ ಯಕಾರಾಗಮ, ವಕಾರಾಗಮಗಳ ತೊಡಕಿಲ್ಲ. ನಾಮಪದ ಬದಲಾಗದೆ ಉಳಿಯುತ್ತದೆ.

ಎಡವುವುದು ಎಲ್ಲಿ?

ಕನ್ನಡದ ಒಂದು ಪ್ರತ್ಯಯಕ್ಕೆ ಜಪಾನಿಯಲ್ಲಿ ಎರಡು ಇರುವೆಡೆ ತಪ್ಪುಗಳಾಗುತ್ತವೆ. 'ಹಂಪಿಯಲ್ಲಿ ಇದ್ದೇನೆ' ಎನ್ನಲು 'ಹಂಪಿ ನಿ ಇಮಸು'. 'ಹಂಪಿಯಲ್ಲಿ ಕೆಲಸ ಮಾಡುತ್ತೇನೆ' ಎನ್ನಲು 'ಹಂಪಿ ದೆ ಹತರಕಿಮಸು'. ಇರುವಿಕೆಗೆ 'ನಿ', ಕ್ರಿಯೆ ನಡೆಯುವ ಸ್ಥಳಕ್ಕೆ 'ದೆ'. ಅದೇ ರೀತಿ 'ಸಂಡೂರಿನಿಂದ' ಎನ್ನಲು 'ಕರ', 'ಕೈಯಿಂದ ತಿನ್ನುತ್ತೇನೆ' ಎನ್ನಲು 'ದೆ'.

'ನನಗೆ ಮಾವು ಇಷ್ಟ' ಎಂಬ ವಾಕ್ಯ ಇನ್ನೊಂದು ಬಲೆ. 'ಗೆ' ಇದೆಯೆಂದು 'ನಿ' ಹಾಕುವಂತಿಲ್ಲ. 'ವತಾಶಿ ವ ಮಂಗೊ ಗ ಸುಕಿ ದೆಸು' ಎಂಬುದು ಸರಿಯಾದ ರೂಪ.

ಇಲ್ಲಿ ಬರುವ 'ವ' ಮತ್ತು 'ಗ' ನಡುವಿನ ವ್ಯತ್ಯಾಸವೇ ಅತ್ಯಂತ ಕಠಿಣ. ಯಾವುದರ ಕುರಿತು ಮಾತು ಎಂಬುದನ್ನು 'ವ' ತಿಳಿಸಿದರೆ, ಕರ್ತೃವನ್ನು 'ಗ' ಗುರುತಿಸುತ್ತದೆ. 'ಯಾರು ಬಂದರು?' ಎಂಬ ಪ್ರಶ್ನೆಯಲ್ಲೂ ಅದರ ಉತ್ತರದಲ್ಲೂ 'ಗ' ಬರಬೇಕು. ಈ 'ವ'ವನ್ನು 'ಹ' ಅಕ್ಷರದಲ್ಲಿ ಬರೆಯುವುದೂ ಗಮನಾರ್ಹ.

ಒಂದು ಪ್ರತ್ಯಯದ ಬೆಲೆ

ಕನ್ನಡದ ಕ್ರಿಯಾಪದ ಲಿಂಗ, ವಚನ, ಪುರುಷಗಳನ್ನು ತಿಳಿಸುತ್ತದೆ. ಜಪಾನಿಯ ಕ್ರಿಯಾಪದದಲ್ಲಿ ಆ ಸುಳಿವು ಇಲ್ಲದಿರುವುದರಿಂದ ಪ್ರತ್ಯಯದ ಹೊಣೆ ಹೆಚ್ಚು. 'ಸಂಡೂರು ಕರ ಕಿಮಶಿತ' ಎಂದರೆ ಸಂಡೂರಿನಿಂದ ಬಂದದ್ದು. 'ಸಂಡೂರು ನಿ ಕಿಮಶಿತ' ಎಂದರೆ ಸಂಡೂರಿಗೆ ಬಂದದ್ದು. ಪ್ರವಾಸಿಗರಿಗೆ ದಾರಿ ಹೇಳುವವರು ಇಲ್ಲಿ ತಪ್ಪಿದರೆ ದಿಕ್ಕೇ ತಪ್ಪುತ್ತದೆ.

1984ರಲ್ಲಿ ಆರಂಭವಾದ ಜಪಾನಿ ಭಾಷಾ ಪ್ರಾವೀಣ್ಯ ಪರೀಕ್ಷೆಗೆ ಬೆಂಗಳೂರಿನಲ್ಲೂ ಕೇಂದ್ರವಿದೆ. ಆರಂಭಿಕ ಹಂತವಾದ ಎನ್‌5ರಲ್ಲಿ ತೇರ್ಗಡೆಗೆ ಒಟ್ಟು 180ಕ್ಕೆ 80 ಅಂಕ ಬೇಕು, ಪ್ರತಿ ವಿಭಾಗದಲ್ಲೂ ಕನಿಷ್ಠ ಅಂಕ ಗಳಿಸಬೇಕು. ಬಿಟ್ಟ ಸ್ಥಳಕ್ಕೆ ಸೂಕ್ತ ಪ್ರತ್ಯಯ ಆರಿಸುವ ಪ್ರಶ್ನೆಗಳು ಇದರಲ್ಲಿ ಸಾಮಾನ್ಯ.

ಈ ಸಾಮ್ಯವನ್ನು ಕಂಡು ಎರಡೂ ಒಂದೇ ಮೂಲದ ಭಾಷೆಗಳೆಂದು ಭಾವಿಸಬೇಕಿಲ್ಲ. ಜಪಾನಿಗೂ ತಮಿಳಿಗೂ ನಂಟಿದೆಯೆಂಬ ವಿದ್ವಾಂಸ ಸುಸುಮು ಓನೊ ಅವರ ವಾದವನ್ನು ಬಹುತೇಕ ಭಾಷಾವಿಜ್ಞಾನಿಗಳು ಒಪ್ಪಿಲ್ಲ. ಆದರೂ ಕಲಿಕೆಗೆ ಈ ಹೋಲಿಕೆ ನೆರವಾಗುತ್ತದೆ. ಪ್ರತ್ಯಯಗಳನ್ನು ಪಟ್ಟಿಯಾಗಿ ಬಾಯಿಪಾಠ ಮಾಡುವ ಬದಲು 'ಹಂಪಿ ನಿ ಇಮಸು', 'ಹಂಪಿ ದೆ ಹತರಕಿಮಸು' ಎಂದು ಕ್ರಿಯಾಪದದ ಜೊತೆಗೇ ರೂಢಿಸಿಕೊಳ್ಳುವುದು ಲೇಸು.